ನಾಲ್ಕು ತುಂಡು ಬ್ರೆಡ್ಡು

ಯಶವಂತಪುರ, ಬೆಂಗಳೂರು
24 ಮಾರ್ಚ್ 1979, ಶನಿವಾರ

ಮಗಳೇ ಗಂಗಾ,

ನನ್ನ ಮತ್ತು ನಿಮ್ಮವ್ವನ ಆಶೀರ್ವಾದಗಳು. ನಿಮ್ಮ ಆಫೀಸಿನವರು ತರಬೇತಿಗೆ ಕಳಿಸಿದ ಹೈದರಾಬಾದಿನ ಬಿಸಿಲು ನಿನಗೆ ಒಗ್ಗಿತೇ? ಹೋದ ಸಲ ಮೂಗಿನಲ್ಲಿ ರಕ್ತ ಬಂತೆಂದು ಬರೆದಿದ್ದೆ. ಕೊತ್ತಂಬರಿ ಬೀಜ ನೆನೆಹಾಕಿ, ಆ ನೀರು ಸೋಸಿ ಕುಡಿಯಬೇಕಂತೆ, ನಿಮ್ಮವ್ವ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೂ ಕುಡಿ. ಹಾಸ್ಟೆಲಿನ ಊಟ ಸೇರುತ್ತಿದೆಯೋ ಇಲ್ಲವೋ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ, ಎಲ್ಲ ತಿಳಿಸು. ನಿಮ್ಮವ್ವನ ಮಂಡಿನೋವು ಇದ್ದ ಹಾಗೇ ಇದೆ. ಮುಂದಿನ ವಾರ ಯುಗಾದಿ, ಮನೆಗೆ ಸುಣ್ಣ ಹೊಡೆಸಿಲ್ಲ, ಹೊಡೆಸುವ ಮನಸ್ಸೂ ಇಲ್ಲ. ನನ್ನ ಮೈಗೆ ಏನೂ ಆಗಿಲ್ಲ. ಸಿಟ್ಟು ಬಂದಿದೆ, ಅಷ್ಟೇ.

ನಿನ್ನ ಪತ್ರ ಮಂಗಳವಾರ ಬಂತು. ಅವತ್ತೇ ಉತ್ತರ ಬರೆಯಲು ಕೂತು ನಾಲ್ಕು ಸಾಲು ಗೀಚಿ ನಿಮ್ಮವ್ವನಿಗೆ ಓದಿ ಹೇಳಿದೆ. ಅವಳು ಕಾಗದ ಕಸಿದುಕೊಂಡು, “ಹಡದ ಮಗಳಿಗೆ ಬರಿಯೂ ಮಾತೇನ್ರಿ ಇವು? ಸಿಟ್ಟು ಇಳದ ಮ್ಯಾಲೆ ಬರೀರಿ” ಅಂದು ಒಲೆಗೆ ಹಾಕಿದಳು. ನಾಲ್ಕು ದಿನ ಕಾದೆ. ಇಳಿಯಲಿಲ್ಲ. ನೀನು ಬರೆದದ್ದು ನನಗೆ ಬಾಯಿಪಾಠ ಆಗಿಬಿಟ್ಟಿದೆ: ‘ಅಪ್ಪಾ, ನಿಮಗೆ ಹಳೆಯದೇ ಸರಿ ಅನ್ನಿಸುವುದು ಅಭ್ಯಾಸಬಲದಿಂದ. ಶಾಸ್ತ್ರ ಬೇರೆ ಹೇಳುತ್ತದೆ. ಹಟ ಬಿಟ್ಟು ಕ್ಷಮಾಪಣೆ ಬರೆದುಕೊಟ್ಟು ಕೆಲಸಕ್ಕೆ ಹೋಗಿ. ನನ್ನ ಹೆಸರೂ ಇದರಲ್ಲಿ ಸೇರಿದೆ ಎಂಬುದನ್ನು ಮರೆಯಬೇಡಿ.’ ಮರೆತಿಲ್ಲವ್ವ. ನಿನ್ನ ಹೆಸರು ಅದರಲ್ಲಿ ಸೇರಿದೆ ಎಂದೇ ಸಿಟ್ಟು ಇಷ್ಟು ದಿನ ಉಳಿದಿದೆ. ಬೇರೆ ಯಾರದೋ ಆಗಿದ್ದರೆ ಬಯ್ದು ಮುಗಿಸುತ್ತಿದ್ದೆ. ನಡೆದದ್ದೆಲ್ಲ ನಿನಗೆ ಆಫೀಸಿನ ಕಡೆಯಿಂದ ತಿಳಿದಿದೆ, ಅದೂ ಅರ್ಧ. ಈಗ ನನ್ನ ಬಾಯಿಂದ ಮೊದಲಿನಿಂದ ಕೇಳು.

ಈ ಕಾರ್ಖಾನೆಯ ಕ್ಯಾಂಟೀನಿಗೆ ನಾನು ಸೇರಿ ಹದಿನೆಂಟು ವರ್ಷ. ರೋಣದ ಕಡೆಯಿಂದ ಬಂದು ಪಾತ್ರೆ ತೊಳೆಯಲು ನಿಂತವನು ಆರುನೂರು ಜನರ ಅಡುಗೆಗೆ ಮುಖ್ಯಸ್ಥನಾದೆ. ಯಾರ ಹೊಟ್ಟೆ ಎಷ್ಟು ಕೇಳುತ್ತದೆ ಎಂದು ಪುಸ್ತಕ ನೋಡಿ ಕಲಿಯಲಿಲ್ಲ, ತಿರುಗಿ ಬಂದ ತಟ್ಟೆ ನೋಡಿ ಕಲಿತೆ. ಸ್ಟೋರಿನ ಗುಮಾಸ್ತನ ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯುತ್ತಿತ್ತು. ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವವನು ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಕೈಯೊಡ್ಡುತ್ತಿದ್ದ. ಈ ಸೀಮೆಯವರಿಗೆ ರಾಗಿ ಮುದ್ದೆ, ಹುರುಳಿ ಸಾರು, ಸೊಪ್ಪು. ನಮ್ಮ ಕಡೆಯವರಿಗೆ ಚನ್ನಕ್ಕ ಮತ್ತು ಅವಳ ಜೊತೆಯ ಎಂಟು ಹೆಂಗಸರು ತಟ್ಟಿದ ಜೋಳದ ರೊಟ್ಟಿ, ಕಾಳಿನ ಪಲ್ಯ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಎಲ್ಲರಿಗೂ ಉಪ್ಪು ಹಾಕಿದ ಮಜ್ಜಿಗೆ, ಡ್ರಮ್ಮುಗಟ್ಟಲೆ, ಬೆಳಗಿನಿಂದ ಸಂಜೆಯವರೆಗೆ. ಆ ಫೌಂಡ್ರಿ ಶೆಡ್ಡಿನಲ್ಲಿ ನೀನು ಒಂದು ಸಲ ನಿಂತಿದ್ದೀಯ, ಹತ್ತನೆಯ ಇಯತ್ತೆಯಲ್ಲಿದ್ದಾಗ. ಐದು ನಿಮಿಷಕ್ಕೆ ಹೊರಗೆ ಓಡಿಬಂದು ಕಣ್ಣು ಉರಿಯುತ್ತದೆ ಅಂದಿದ್ದೆ. ಅವರು ಅಲ್ಲಿ ಎಂಟು ತಾಸು ನಿಲ್ಲುತ್ತಾರೆ.

ಜನವರಿ ಎರಡನೆಯ ವಾರ ವೆಲ್‌ಫೇರ್ ಆಫೀಸರ್ ಜಯಸಿಂಹ ನಿಮ್ಮ ಚಾರ್ಟನ್ನು ಸುರುಳಿ ಸುತ್ತಿ ತಂದರು. ಜೊತೆಗೆ ನಿನ್ನ ಮೇಲಧಿಕಾರಿ ವೇದವತಿ ಮೇಡಂ. ಪೌಷ್ಟಿಕ ಆಹಾರದ ಯೋಜನೆ, ಸರ್ಕಾರದಿಂದ ಹಾಲಿನ ಪುಡಿ ಬರುತ್ತದೆ, ಬೇಕರಿಯಿಂದ ಸತ್ವ ಸೇರಿಸಿದ ಬ್ರೆಡ್ಡು ಬರುತ್ತದೆ, ಇನ್ನು ಮುಂದೆ ಚಾರ್ಟಿನಲ್ಲಿದ್ದಂತೆ ಅಡುಗೆ ಆಗಬೇಕು ಎಂದರು. ಬಿಡಿಸಿ ನೋಡಿದೆ. ಬಣ್ಣಬಣ್ಣದ ಚಿತ್ರ. ಕೆಳಗೆ ಮೂಲೆಯಲ್ಲಿ ‘ಕನ್ನಡ ಅನುವಾದ: ಗಂಗಾದೇವಿ ಫಕೀರಪ್ಪ’. ಮಗಳೇ, ಅದರಲ್ಲಿ ಏನು ಬರೆದಿದೆ ಎಂದು ನಾನು ಓದಲೇ ಇಲ್ಲ. ಆ ಒಂದು ಸಾಲನ್ನೇ ಓದಿದೆ. ನಾನೇ ಸ್ಟೂಲು ಹತ್ತಿ, ನಾನೇ ಮೊಳೆ ಹೊಡೆದು, ಊಟದ ಕೋಣೆಯ ಗೋಡೆಯ ನಟ್ಟನಡುವೆ ಅದನ್ನು ತೂಗುಹಾಕಿದೆ. ಚನ್ನಕ್ಕನನ್ನು ಕರೆದು, “ನೋಡ್ಬೇ, ನಮ್ಮ ಗಂಗಿ ಬರದದ್ದು” ಅಂದೆ. ಅವಳು ಹಿಟ್ಟಿನ ಕೈಯಲ್ಲೇ ನಿನ್ನ ಹೆಸರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೇಲೆ ಏನಿದೆಯೆಂದು ಓದಿ ಹೇಳು ಎಂದು ಅವಳು ಕೇಳಿದ ಮೇಲೆ ಓದಿದೆ. ‘ಜೋಳ, ರಾಗಿ ಮುಂತಾದ ಒರಟು ಧಾನ್ಯಗಳು ಹೊಟ್ಟೆ ತುಂಬಿಸುತ್ತವೆಯೇ ಹೊರತು ಪೋಷಿಸುವುದಿಲ್ಲ. ಇವುಗಳನ್ನು ಕ್ರಮೇಣ ಬಿಡಿ.’ ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಚನ್ನಕ್ಕ ಕೈಯ ಹಿಟ್ಟು ಕೊಡವಿ ಒಲೆಯ ಕಡೆ ಹೋದಳು. ಮಾರನೆಯ ದಿನವೇ ಒಂಬತ್ತು ಹೆಂಗಸರಿಗೂ ಕೆಲಸವಿಲ್ಲ ಎಂದು ಹೇಳಿದರು. ಬ್ರೆಡ್ಡು ಕತ್ತರಿಸಿಯೇ ಬರುತ್ತಿತ್ತಲ್ಲ, ತಟ್ಟುವ ಕೈ ಯಾಕೆ ಬೇಕು?

ಆಮೇಲೆ ನಾನು ಅವರು ಹೇಳಿದಂತೆ ಕೇಳಿದೆ. ಇದನ್ನು ನೀನು ನೆನಪಿಡಬೇಕು, ಏಕೆಂದರೆ ಹಟ ಎಂದು ಬರೆದಿದ್ದೀಯ. ಆರು ವಾರ ನಾನು ನಿನ್ನ ಚಾರ್ಟಿನಂತೆ ಬಡಿಸಿದೆ. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ನಾಲ್ಕು ತುಂಡು ಬ್ರೆಡ್ಡು, ಒಂದು ಬಟ್ಟಲು ಬೇಯಿಸಿದ ತರಕಾರಿ, ಪುಡಿಯ ಹಾಲು ಒಂದು ಲೋಟ. ಉಳಿದ ದಿನ ಅಳತೆಯ ಬಟ್ಟಲಿನಲ್ಲಿ ಬಿಳಿ ಅನ್ನ, ತೆಳ್ಳನೆಯ ಬೇಳೆ. ಶೇಂಗಾ ಹಿಂಡಿಯಲ್ಲಿ ಎಣ್ಣೆ ಹೆಚ್ಚು, ಅದು ಬಂದ್. ಮಜ್ಜಿಗೆ ಬರೀ ನೀರು, ಅದರಲ್ಲಿ ಏನಿದೆ ಎಂದು ಅದೂ ಬಂದ್. ಬೆಂಕಿಯ ಮುಂದೆ ಬೆವರು ಸುರಿಸುವವನಿಗೆ ಉಪ್ಪು ಮಜ್ಜಿಗೆ ಬೇಡ, ಬಿಸಿ ಹಾಲು ಕುಡಿ ಎನ್ನುವುದಕ್ಕೆ ಎಷ್ಟು ಓದಿರಬೇಕು ಗಂಗಾ? ನಾನು ಓದಿದ್ದು ಏಳನೆಯ ಇಯತ್ತೆಯ ಮುಲ್ಕಿ, ನನಗೆ ಆ ಧೈರ್ಯ ಬರುವುದಿಲ್ಲ.

ಮೊದಲ ವಾರದಲ್ಲೇ ಹಾಲು ಅರ್ಧ ಜನಕ್ಕೆ ಆಗಿಬರಲಿಲ್ಲ. ಹುಟ್ಟಿದಾರಭ್ಯ ಮೊಸರು ಮಜ್ಜಿಗೆಯಲ್ಲೇ ಬೆಳೆದ ಹೊಟ್ಟೆಗಳು, ಗುಡುಗುಟ್ಟಿ ಕೆಡತೊಡಗಿದವು. ಮಧ್ಯಾಹ್ನ ಎರಡರ ಹೊತ್ತಿಗೆ ಪಾಯಿಖಾನೆಯ ಮುಂದೆ ಸಾಲು ನಿಲ್ಲುತ್ತಿತ್ತು. ಅದನ್ನು ನೋಡಿ ಸೂಪರ್‌ವೈಜರು ಕಳ್ಳಬೀಳುತ್ತಿದ್ದಾರೆಂದು ಹೆಸರು ಬರೆದುಕೊಳ್ಳುತ್ತಿದ್ದ. ಮಾಕಳಿಯ ಪಂಚಪ್ಪ ನಿನಗೆ ಗೊತ್ತು. ಮಳೆ ಬಂದರೆ ನಿನ್ನನ್ನು ಶಾಲೆಯಿಂದ ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಂದುಬಿಡುತ್ತಿದ್ದನಲ್ಲ, ಅವನೇ. ದಿನಾ ತುಮಕೂರು ರಸ್ತೆಯಲ್ಲಿ ಸೈಕಲ್ ತುಳಿದು ಬಂದು, ಎಂಟು ತಾಸು ಕರಗಿದ ಕಬ್ಬಿಣ ಹೊತ್ತು, ಮತ್ತೆ ತುಳಿದು ಹೋಗುವ ಆಳು. ಅವನು ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಅಣ್ಣೋ, ಒಟ್ಟೆ ನಿಲ್ತಾ ಇಲ್ಲ ಕಣಣ್ಣೋ. ಈ ಬನ್ನು ತಿಂದ್ರೆ ಅತ್ತಿ ನುಂಗ್ದಂಗಾಯ್ತದೆ. ಒಂದೇ ಒಂದು ಮುದ್ದೆ ಆಕ್ಕೊಡು, ಯಾರ್ಗೂ ಏಳಾಕಿಲ್ಲ.” ನಾನು ಹಾಕಿಕೊಡಲಿಲ್ಲ. ಆ ಚಾರ್ಟಿನ ಕೆಳಗೆ ನಿನ್ನ ಹೆಸರಿದೆ, ಅದರ ಎದುರೇ ಕದ್ದು ಮುದ್ದೆ ಕೊಟ್ಟರೆ ನಿನಗೆ ಅವಮಾನ ಎಂದುಕೊಂಡೆ. ಇವತ್ತು ಯಾರ ಮೇಲೆ ಎಷ್ಟು ಸಿಟ್ಟಿದ್ದರೂ ಅದರಲ್ಲಿ ಒಂದು ಪಾಲು ನನ್ನ ಮೇಲೂ ಇದೆ.

ಜಯಸಿಂಹ ಅವರ ಹತ್ತಿರ ಮೂರು ಸಲ ಹೋದೆ. ಮೊದಲ ಸಲ ನಕ್ಕರು. ಎರಡನೆಯ ಸಲ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಮೂರನೆಯ ಸಲ ಅವರ ಟೇಬಲ್ಲಿನ ಮೇಲೆ ಎರಡು ತಟ್ಟೆ ಇಟ್ಟು ತೋರಿಸಿದೆ, ಒಂದರಲ್ಲಿ ಮನೆಯಿಂದ ತಂದ ಮುದ್ದೆ, ಸಾರು, ಸೊಪ್ಪು, ಇನ್ನೊಂದರಲ್ಲಿ ನಾಲ್ಕು ತುಂಡು ಬ್ರೆಡ್ಡು. “ಸಾಹೇಬರ, ನೀವ ಹೇಳ್ರಿ, ಯಾವುದನ್ನ ಉಂಡು ನೀವು ಕಬ್ಬಿಣ ಎತ್ತತೀರಿ?” ಅಂದೆ. ಅವರು ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, “ನೋಡಿ ಫಕೀರಪ್ಪ, ಬಾಡಿ ಅಡ್ಜಸ್ಟ್ ಆಗಕ್ಕೆ ಸ್ವಲ್ಪ ಟೈಮ್ ತಗೊಳ್ಳುತ್ತೆ. ಸೈನ್ಸ್ ಓದಿರೋರು ಮಾಡಿರೋ ಚಾರ್ಟು ರೀ ಇದು, ಅಡುಗೆಯವ್ರು ಚೇಂಜ್ ಮಾಡಕ್ಕಾಗುತ್ತಾ? ನಿಮ್ಮ ಮಗಳೇ ಬರ್ದಿರೋದಲ್ವಾ?” ಎಂದರು. ತಟ್ಟೆ ಎತ್ತಿಕೊಂಡು ವಾಪಸು ಬಂದೆ.

ಫೆಬ್ರವರಿ 21, ಬುಧವಾರ. ಬ್ರೆಡ್ಡಿನ ದಿನ. ಪಂಚಪ್ಪನ ತಟ್ಟೆಗೆ ನಾನೇ ಎಣಿಸಿ ನಾಲ್ಕು ತುಂಡು ಹಾಕಿದೆ. ಹಾಲು ಬೇಡ ಎಂದು ಕೈ ಅಡ್ಡ ಹಿಡಿದ. ಹಿಂದಿನ ದಿನದಿಂದ ಹೊಟ್ಟೆ ಕೆಟ್ಟಿತ್ತು. ಮಧ್ಯಾಹ್ನ ಎರಡೂವರೆಗೆ ಅವನೂ ಇನ್ನೊಬ್ಬನೂ ಕರಗಿದ ಕಬ್ಬಿಣ ತುಂಬಿದ ಬೋಗುಣಿಯನ್ನು ಎರಡು ಕಡೆ ಹಿಡಿದುಕೊಂಡು ಹೋಗುವಾಗ ಪಂಚಪ್ಪನಿಗೆ ಕಣ್ಣು ಕತ್ತಲಾಗಿ ಮೊಣಕಾಲು ಮಡಚಿತು. ಜೊತೆಯವನು ಬುದ್ಧಿವಂತ, ಬೋಗುಣಿಯನ್ನು ತನ್ನ ಕಡೆಯ ಮರಳಿನ ಮೇಲೆ ವಾಲಿಸಿದ. ಇಲ್ಲದಿದ್ದರೆ ಇಬ್ಬರೂ ಹೋಗುತ್ತಿದ್ದರು. ಆದರೂ ಸಿಡಿದ ಕಬ್ಬಿಣ ಪಂಚಪ್ಪನ ಬಲಗೈ ಮೊಣಕೈವರೆಗೆ, ಬಲಗಾಲು ಪಾದದವರೆಗೆ ಸುಟ್ಟಿತು. ಕೂಗು ಕ್ಯಾಂಟೀನಿನವರೆಗೂ ಕೇಳಿಸಿತು. ಓಡಿದೆ. ನನ್ನನ್ನು ನೋಡಿ ಅವನು ಅಂದ ಮಾತು, “ಅಣ್ಣೋ, ನೀರು.” ನಾನು ಮಜ್ಜಿಗೆ ತರಲು ತಿರುಗಿದೆ. ಮಜ್ಜಿಗೆ ನಿಂತು ಐದು ವಾರವಾಗಿತ್ತು ಎನ್ನುವುದು ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಯಿತು.

ಅವನು ಬದುಕಿದ್ದಾನೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಬಿದ್ದ ಮುಂದಿನ ಸೋಮವಾರ ಯೂನಿಯನ್ನಿನವರು ಅಪಘಾತದ ರಿಪೋರ್ಟು ಓದಿ ಹೇಳಿದರು: ‘ಕಾರ್ಮಿಕನು ಮದ್ಯಪಾನ ಮಾಡಿ ಕೆಲಸಕ್ಕೆ ಹಾಜರಾಗಿದ್ದನು.’ ಗಂಗಾ, ಪಂಚಪ್ಪ ಊರಿನ ಭಜನೆ ಮನೆಯಲ್ಲಿ ತಾಳ ಹಾಕುವ ಮನುಷ್ಯ. ಮದುವೆ ಮನೆಯಲ್ಲಿ ಯಾರಾದರೂ ಕುಡಿದು ಬಂದರೆ ಎದ್ದು ಹೋಗುವವನು. ಅವನ ಹೆಂಡತಿ ಗೇಟಿನ ಹತ್ತಿರ ನಿಂತು, “ಯಾವ ಬಾಯಲ್ಲಿ ಅಂಗೆ ಬರುದ್ರಣ್ಣ? ಇಪ್ಪತ್ತು ವರ್ಸ ಒಂದು ತೊಟ್ಟು ಮುಟ್ನಿಲ್ಲ ಅವ್ರು” ಎಂದು ಕೇಳಿದಳು. ಹಸಿವೆಯಿಂದ ಬಿದ್ದ ಎಂದು ಬರೆದರೆ ಚಾರ್ಟು ತಪ್ಪಾಗುತ್ತದೆ. ಚಾರ್ಟು ಸರ್ಕಾರದ್ದು, ತಪ್ಪಾಗುವಂತಿಲ್ಲ. ಆದ್ದರಿಂದ ಪಂಚಪ್ಪ ಕುಡುಕನಾದ.

ಎರಡು ದಿನ ಬಿಟ್ಟು, ಬುಧವಾರ, ನಾನು ಒಬ್ಬರನ್ನೂ ಕೇಳಲಿಲ್ಲ. ಬೆಳಗ್ಗೆಯೇ ಚನ್ನಕ್ಕನ ಮನೆಗೆ ಹೋಗಿ, “ಎಲ್ಲಾರನ್ನೂ ಕರಕೊಂಡು ಬಾ” ಅಂದೆ. “ಗೇಟ್‌ನ್ಯಾಗ ಬಿಡ್ತಾರೇನ್ರೀ?” ಅಂದಳು. “ಬಿಡದಿದ್ರ ಗೇಟಿನ ಮುಂದ ತಟ್ಟೂಣು” ಅಂದೆ. ಕಾವಲಿನವನು ನಮ್ಮನ್ನು ನೋಡಿ ಬೇಕೆಂದೇ ಬೀಡಿ ಹಚ್ಚಲು ಆ ಕಡೆ ತಿರುಗಿದ. ಅವನೂ ಆರು ವಾರ ಬ್ರೆಡ್ಡು ತಿಂದವನೇ. ಹಳೆಯ ಒಲೆಗಳು ಹೊತ್ತಿದವು. ಒಂಬತ್ತು ಜೋಡಿ ಕೈ ಒಟ್ಟಿಗೆ ತಟ್ಟುವ ಸದ್ದು ಫೌಂಡ್ರಿಯವರೆಗೆ ಹೋಗಿ ಜನ ಗಂಟೆ ಬಾರಿಸುವ ಮೊದಲೇ ಬಂದು ನಿಂತರು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಮುದ್ದೆ, ಹುರುಳಿ ಸಾರು. ಕೊಳದಪ್ಪಲೆಯ ತುಂಬ ಮಜ್ಜಿಗೆ. ನಿನ್ನ ಚಾರ್ಟನ್ನು ನಾನು ತೆಗೆಯಲಿಲ್ಲ, ಹರಿಯಲಿಲ್ಲ. ಹರಿದೆ ಎಂದು ಯಾರಾದರೂ ನಿನಗೆ ಬರೆದಿದ್ದರೆ ಅದು ಸುಳ್ಳು. ಅದರ ಕೆಳಗೇ ಬಡಿಸಿದೆ. ಎಲ್ಲರೂ ಉಂಡರು. ತಿರುಗಿ ಬಂದ ತಟ್ಟೆಗಳಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಜಯಸಿಂಹ ಓಡಿಬಂದು, “ಯಾರ್ರೀ ಪರ್ಮಿಷನ್ ಕೊಟ್ಟಿದ್ದು ನಿಮಗೆ?” ಎಂದು ಕೂಗಿದರು. “ಹಸದವರು ಕೊಟ್ರಿ” ಅಂದೆ. ಮೂರು ಗಂಟೆಗೆ ಸಸ್ಪೆಂಡ್ ಆದ ಕಾಗದ ಕೈಗೆ ಬಂತು.

ಮಾರನೆಯ ದಿನದಿಂದ ಕ್ಯಾಂಟೀನಿಗೆ ಯಾರೂ ಕಾಲಿಡಲಿಲ್ಲ. ಮನೆಯಿಂದ ಬುತ್ತಿ ತಂದು ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ಕೂತು ಉಂಡರು. ನಾಲ್ಕು ದಿನ ಯಾರೂ ಮುಟ್ಟದೆ ಬ್ರೆಡ್ಡು ಬೂಷ್ಟು ಹಿಡಿಯಿತು. ಐದನೆಯ ದಿನ ಮ್ಯಾನೇಜ್‌ಮೆಂಟ್ ಬಗ್ಗಿತು. ಈಗ ಮುದ್ದೆ, ರೊಟ್ಟಿ, ಮಜ್ಜಿಗೆ ಎಲ್ಲ ಇದೆ, ಚನ್ನಕ್ಕನವರೂ ಒಳಗಿದ್ದಾರೆ. ನಾನು ಮಾತ್ರ ಹೊರಗೆ. ಪಂಚಪ್ಪ ರಿಪೋರ್ಟಿನಲ್ಲಿ ಇನ್ನೂ ಕುಡುಕ. ನೀನು ಸಹಿ ಹಾಕು ಎಂದ ಕ್ಷಮಾಪಣೆಯಲ್ಲಿ ಏನಿದೆ ಎಂದು ನಿನಗೆ ಯಾರೂ ಹೇಳಿಲ್ಲ ಎಂದು ನಂಬುತ್ತೇನೆ. ಗೊತ್ತಿದ್ದೂ ಬರೆದಿದ್ದರೆ ನೀನು ನನ್ನ ಮಗಳಲ್ಲ. ಅದರಲ್ಲಿ ಎರಡು ಮಾತಿವೆ. ಅಪ್ಪಣೆ ಇಲ್ಲದೆ ಅಡುಗೆ ಮಾಡಿದೆ ಎನ್ನುವುದು ಮೊದಲನೆಯದು. ಅದು ನಿಜ, ಅದಕ್ಕೆ ಹತ್ತು ಸಲ ಸಹಿ ಹಾಕುತ್ತೇನೆ. ಎರಡನೆಯದು: ‘21ನೇ ತಾರೀಕು ಊಟ ಬಡಿಸುವಾಗ ಪಂಚಪ್ಪನ ಬಾಯಿಂದ ಮದ್ಯದ ವಾಸನೆ ಬರುತ್ತಿದ್ದುದನ್ನು ನಾನು ಗಮನಿಸಿದೆ.’ ನಾನು ಅವನಿಗೆ ಎಣಿಸಿ ಹಾಕಿದ್ದು ನಾಲ್ಕು ತುಂಡು ಬ್ರೆಡ್ಡು. ಈಗ ಅದೇ ಕೈಯಲ್ಲಿ ಈ ಸುಳ್ಳು ಬರೆಯಬೇಕೇ?

ಇದೇ ತಿಂಗಳು ಹನ್ನೊಂದಕ್ಕೆ, ಭಾನುವಾರ, ವೇದವತಿ ಮೇಡಂ ಒಬ್ಬರೇ ನಮ್ಮ ಮನೆಗೆ ಬಂದರು. ಇದನ್ನು ನಿನಗೆ ಅವರು ಬರೆದಿರಲಾರರು. ಬಿಸಿಲಿನಲ್ಲಿ ಮನೆ ಹುಡುಕಿಕೊಂಡು ಬಂದಿದ್ದರು, ಮುಖ ಬಾಡಿತ್ತು. ಸಿಟ್ಟು ಎಷ್ಟಿದ್ದರೂ ಬಂದವರಿಗೆ ಉಣ್ಣಲು ಹಾಕದೆ ಮಾತಾಡಿಸುವ ರೂಢಿ ನಮ್ಮಲ್ಲಿಲ್ಲ. ನಿಮ್ಮವ್ವ ರೊಟ್ಟಿ, ಕಾಳಿನ ಪಲ್ಯ, ಹಿಂಡಿ, ಮೊಸರು ಬಡಿಸಿದಳು. ಎರಡು ರೊಟ್ಟಿ ಉಂಡರು. ಉಂಡ ಮೇಲೆ ಚೀಲದಿಂದ ಪುಸ್ತಕ, ಪೆನ್ಸಿಲ್ಲು ತೆಗೆದು ಒಂದು ರೊಟ್ಟಿಗೆ ಎಷ್ಟು ಹಿಟ್ಟು, ಪಲ್ಯಕ್ಕೆ ಎಷ್ಟು ಕಾಳು, ಹಿಂಡಿಗೆ ಎಷ್ಟು ಶೇಂಗಾ ಎಂದು ನಿಮ್ಮವ್ವನನ್ನು ಕೇಳಿ ಕೇಳಿ ಬರೆದುಕೊಂಡರು. ಕೂಡಿಸಿದರು. ಮತ್ತೊಮ್ಮೆ ಕೂಡಿಸಿದರು. “ಫಕೀರಪ್ಪನವರೇ, ನಿಮ್ಮ ಊಟದಲ್ಲಿ ಎಲ್ಲಾ ಇದೆ ಕಣ್ರೀ. ನಾವು ಕೊಟ್ಟಿದ್ದಕ್ಕಿಂತ ಜಾಸ್ತೀನೇ ಇದೆ” ಎಂದರು. ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. “ಈ ಲೆಕ್ಕ ಜನವರಿಯೊಳಗ ಯಾಕ ಮಾಡಲಿಲ್ರಿ ಬಾಯಾರ?” ಎಂದೆ. ಅವರು ಪುಸ್ತಕ ಮುಚ್ಚಿ, “ನೀವೇನ್ ತಿಂತೀರ ಅಂತ ಕೇಳ್ಬೇಕು ಅಂತ ಹೊಳೀಲೇ ಇಲ್ಲ” ಎಂದರು.

ಹೊಳೆಯಲಿಲ್ಲವಂತೆ. ಆರುನೂರು ಜನ, ಹದಿನೆಂಟು ವರ್ಷ, ಅದಕ್ಕೂ ಹಿಂದೆ ಅವರ ಅಪ್ಪಂದಿರು, ಅಜ್ಜಂದಿರು. ಇವರೆಲ್ಲ ಏನು ತಿಂದು ಬಾವಿ ತೋಡಿದರು, ಏನು ತಿಂದು ಕಲ್ಲು ಹೊತ್ತರು, ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ನಿಮ್ಮಜ್ಜಿ ಜೋಳದ ಸುಗ್ಗಿಯಲ್ಲಿ ಹೊಲಕ್ಕೆ ಬುತ್ತಿ ಕಟ್ಟುವಾಗ ಹೇಳುತ್ತಿದ್ದ ಮಾತು, “ಉಣ್ಣಾಂವ ಏನು ಕೆಲಸ ಮಾಡ್ಯಾನ, ಕೇಳಿ ಬಡಸು.” ಕಟಾವು ಮಾಡುವವನಿಗೆ ಒಂದು, ಮನೆಯಲ್ಲಿ ಕೂತ ಮುದುಕನಿಗೆ ಒಂದು, ಬಾಣಂತಿಗೆ ಒಂದು, ಜ್ವರದಿಂದ ಎದ್ದವನಿಗೆ ನುಚ್ಚಿನ ಗಂಜಿ. ಒಂದು ಅಕ್ಷರ ಬಾರದ ಮುದುಕಿಗೆ ಇಷ್ಟು ಗೊತ್ತಿತ್ತು. ಇಷ್ಟು ಗೊತ್ತಿಲ್ಲದವರು ಊರಿಗೆಲ್ಲ ಒಂದೇ ಊಟ ಬರೆದು ಮೊಳೆ ಹೊಡೆಸಿದರು. ನೀನು ತಪ್ಪು ತಿಳಿಯಬೇಡ, ನಿಮ್ಮ ಓದಿಗೆ ನಾನು ವೈರಿಯಲ್ಲ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬಾರದು, ಮೊದಲೇ ತೊಳೆಯಬೇಕು ಎಂದು ನೀನು ಕಾಲೇಜಿನ ಮೊದಲ ವರ್ಷ ಹೇಳಿದೆ. ಅವತ್ತಿನಿಂದ ಕ್ಯಾಂಟೀನಿನಲ್ಲಿ ಹಾಗೇ ಮಾಡಿಸಿದೆ. ಕುಡಿಯುವ ನೀರು ಕುದಿಸಿ ಎಂದೆ ನೀನು, ಕುದಿಸಿದೆ ನಾನು. ನೀನು ಹೇಳಿದ್ದನ್ನು ನಾನು ಕೇಳಿದ್ದೇನೆ. ನೀವು ಯಾರನ್ನು ಕೇಳಿದಿರಿ?

ಇನ್ನು ಆ ‘ಒರಟು’ ಎಂಬ ಮಾತು. ಇಂಗ್ಲಿಷಿನಲ್ಲಿ ಏನಿತ್ತೋ ನನಗೆ ತಿಳಿಯದು, ಕನ್ನಡದಲ್ಲಿ ಆ ಮಾತು ಹುಡುಕಿ ಇಟ್ಟವಳು ನೀನು. ನಿನಗೆ ಹಲ್ಲು ಬರುವಾಗ ಕಚ್ಚಲು ಕೊಟ್ಟದ್ದು ಒಣಗಿಸಿ ಗಟ್ಟಿಯಾದ ಕಟಿ ರೊಟ್ಟಿಯ ತುಂಡು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವ ದಿನ ಅನ್ನ ಉಂಡರೆ ನಿದ್ದೆ ಬರುತ್ತದೆ ಎಂದು ಕೇಳಿ ಹಾಕಿಸಿಕೊಂಡು ತಿಂದದ್ದು ರೊಟ್ಟಿ, ಬೆಣ್ಣೆ. ಆ ತಲೆಯಲ್ಲೇ ಓದಿ, ಆ ಕೈಯಲ್ಲೇ ಬರೆದೆ, ಹೊಟ್ಟೆ ತುಂಬಿಸುತ್ತದೆಯೇ ಹೊರತು ಪೋಷಿಸುವುದಿಲ್ಲ ಎಂದು. ನಿಮ್ಮವ್ವನಿಗೆ ಆ ಸಾಲನ್ನು ನಾನು ಇವತ್ತಿನವರೆಗೂ ಓದಿ ಹೇಳಿಲ್ಲ.

ವೇದವತಿ ಮೇಡಂ ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದರು. ಮೂಲ ಇಂಗ್ಲಿಷ್ ಚಾರ್ಟಿನ ತಲೆಯ ಮೇಲೆ ಒಂದು ಸಾಲಿತ್ತಂತೆ: ಇದು ಕೂತು ಕೆಲಸ ಮಾಡುವವರಿಗೆ, ಮೈಮುರಿದು ದುಡಿಯುವವರಿಗೆ ಇದು ಸಾಲದು. ಕನ್ನಡದ ಚಾರ್ಟಿನಲ್ಲಿ ಆ ಸಾಲಿಲ್ಲ. ಯಾಕಿಲ್ಲ ಎಂದು ಕೇಳಿದೆ. ಹಾಲಿನ ಲೋಟದ ಚಿತ್ರ ದೊಡ್ಡದು ಮಾಡಿ ಎಂದು ಮೇಲಿನಿಂದ ಹೇಳಿದರಂತೆ, ಜಾಗ ಸಾಲಲಿಲ್ಲವಂತೆ, ಅದೊಂದು ಸಾಲು ಬಿಟ್ಟರೆ ನಡೆಯುತ್ತದೆ ಎಂದು ನೀನು ಬಿಟ್ಟೆಯಂತೆ, ಇವರು ಸರಿ ಎಂದರಂತೆ. ಇದನ್ನು ನೀವು ನಾಲ್ಕು ಜನರ ಮುಂದೆ ಹೇಳುತ್ತೀರಾ ಎಂದು ಕೇಳಿದೆ. ಕೊಡೆ ತೆಗೆದುಕೊಂಡು ಎದ್ದರು. “ನನಗಿನ್ನೂ ಆರು ವರ್ಷ ಸರ್ವೀಸ್ ಇದೆ ಫಕೀರಪ್ಪನವರೇ” ಎಂದರು. ಕೆಟ್ಟವರಲ್ಲ. ಬಾಗಿಲಲ್ಲಿ ಕಣ್ಣು ಒರೆಸಿಕೊಂಡರು. ಅವರ ಕಣ್ಣೀರಿನಿಂದ ಪಂಚಪ್ಪನ ಬೆರಳು ಮಡಚುವುದಿಲ್ಲ.

ನಾನು ಸಹಿ ಹಾಕುವುದಿಲ್ಲ. ಮೊನ್ನೆ ಜಯಸಿಂಹ ಅವರ ಮುಂದೆಯೇ ಕಾಗದವನ್ನು ಮಡಚಿ ವಾಪಸು ಕೊಟ್ಟು ಬಂದೆ. ಕೆಲಸ ಹೋದರೆ ಹೋಗಲಿ. ನಿಮ್ಮವ್ವ ಒಂದೇ ಮಾತು ಕೇಳಿದಳು, “ಹಾಕಲಿಲ್ಲಲ್ಲ?” ಇಲ್ಲ ಅಂದೆ. “ಛಲೋ ಆತು, ಕೈ ತೊಳಕೊಂಡು ಉಣ್ಣಾಕ ಬರ್ರಿ” ಅಂದಳು. ಅವತ್ತು ಒಂದು ರೊಟ್ಟಿ ಜಾಸ್ತಿ ಉಂಡೆ.

ನಿನ್ನ ಓದು ಚೆನ್ನಾಗಿ ಸಾಗಲಿ. ನೀನು ಕೊಟ್ಟ ಸಲಹೆಯಿಂದ ನಾಲ್ಕು ಮನೆಯ ಒಲೆ ಚೆನ್ನಾಗಿ ಉರಿಯಲಿ, ಯಾರ ಮನೆಯ ಒಲೆಯೂ ಆರದಿರಲಿ, ಇದು ನನ್ನ ಆಶೀರ್ವಾದ. ಬಿಸಿಲಿನಲ್ಲಿ ತಲೆಗೆ ಸೆರಗು ಹೊದ್ದು ಓಡಾಡು. ಚನ್ನಕ್ಕ ನಿನ್ನನ್ನು ಕೇಳಿದಳು. ಅವಳಿಗೆ ನಿನ್ನ ಮೇಲೆ ಏನೂ ಇಲ್ಲ. ಅವಳ ದೊಡ್ಡತನ ನನಗಿಲ್ಲ.

ಇಂತಿ,
ಸಿಟ್ಟಿನಲ್ಲಿದ್ದರೂ ನಿನ್ನ ಅಪ್ಪನೇ ಆದ
ಫಕೀರಪ್ಪ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಏಪ್ರಿಲ್ 9, ಸೋಮವಾರ, ಬೆಳಗ್ಗೆ ಹನ್ನೊಂದಕ್ಕೆ ಪಂಚಪ್ಪನ ಕೇಸು ಲೇಬರ್ ಆಫೀಸರ ಮುಂದೆ ಬರುತ್ತದೆ. ಆ ಇಂಗ್ಲಿಷ್ ಚಾರ್ಟು ನಿನ್ನ ಹತ್ತಿರವೇ ಇದೆ ಎಂದು ವೇದವತಿ ಮೇಡಂ ಹೇ‍ಳಿದ್ದಾರೆ. ತೆಗೆದುಕೊಂಡು ಬಾ. ಮೇಲಿನ ಆ ಸಾಲನ್ನು ಎಲ್ಲರ ಮುಂದೆ ಓದು, ಕನ್ನಡದಲ್ಲೂ ಹೇಳು, ಬಿಟ್ಟವಳು ನಾನೇ ಎಂದೂ ಹೇಳು. ನಿನ್ನ ನೌಕರಿಗೆ ಇದರಿಂದ ಏನಾಗುತ್ತದೆ ಎಂದು ನನಗೆ ಗೊತ್ತು, ಗೊತ್ತಿದ್ದೇ ಕೇಳುತ್ತಿದ್ದೇನೆ. ನನಗಾಗಿ ಬರಬೇಡ. ಪಂಚಪ್ಪ ಕುಡಿದಿರಲಿಲ್ಲ ಎಂದು ನಾನು ಹೇಳುತ್ತೇನೆ. ಹಸಿದಿದ್ದ ಎಂದು ನೀನು ಹೇಳಬೇಕು.